ಚಿಕ್ಕಪ್ಪನ 38 ಕೋಟಿ ಮತ್ತು ದೇವರ ಮನೆಯ ಲಕ್ಷ್ಮೀ ಪಟ

2023ರಲ್ಲಿ ರಾಜಾ ರವಿವರ್ಮರ ‘ಯಶೋದಾ ಕೃಷ್ಣ’ ಚಿತ್ರ ಮುಂಬೈಯ ಒಂದು ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಆ ಸುದ್ದಿಯ ಫೋಟೋ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ಅದರ ಕೆಳಗೆ ಚಿಕ್ಕಪ್ಪನ ಒಂದೇ ಸಾಲು: ‘ನಮ್ಮ ಹಳೇ ಮನೆ ದೇವರ ಕೋಣೆಯಲ್ಲಿ ಇರೋದೂ ರವಿವರ್ಮನದೇ ಅಲ್ವಾ?’

ಅಲ್ಲಿಂದ ಶುರುವಾಯಿತು ನೋಡಿ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಆಗ ಹಿಸ್ಸೆ ಆಗುತ್ತಿತ್ತು. ತೋಟ, ಗದ್ದೆ, ಅಡಿಕೆ ಬೇಯಿಸುವ ಹಂಡೆವರೆಗೆ ಎಲ್ಲ ಲೆಕ್ಕ ಆಗಿತ್ತು. ದೇವರ ಕೋಣೆಯ ಪಟಗಳ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ. ದೊಡ್ಡತ್ತೆ ‘ಲಕ್ಷ್ಮೀ ಪಟ ನಂಗಿರಲಿ, ಅಮ್ಮ ದಿನಾ ಹೂ ಹಾಕ್ತಿದ್ದದ್ದು’ ಅಂದಿದ್ದಳು, ಎಲ್ಲರೂ ತಲೆಯಾಡಿಸಿದ್ದರು. ಆ ವಾಟ್ಸಾಪ್ ಸಾಲು ಬಂದಮೇಲೆ ತಲೆಯಾಡಿಸಿದವರೆಲ್ಲ ಸುಮ್ಮನಾದರು. ಚಿಕ್ಕಪ್ಪನ ಮಗ ನ್ಯೂಜೆರ್ಸಿಯಿಂದ ಫೋನ್ ಮಾಡಿ, ಅದನ್ನು ನಾನು ಇಲ್ಲಿಗೆ ತರಿಸಿಕೊಂಡು ಮಾರಿದರೆ ಜಾಸ್ತಿ ಬರಬಹುದು ಅಂದ. ದೊಡ್ಡತ್ತೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಕೊನೆಗೆ ಚಿಕ್ಕಪ್ಪ ನನ್ನ ಕಡೆ ತಿರುಗಿದರು. ‘ನೀನು ಪ್ರೆಸ್‌ನವನಲ್ವಾ ಮಾರಾಯ, ನೋಡಿ ಹೇಳು. ನಿಜವಾದ್ದಾ, ಎಷ್ಟು ಬೆಲೆ ಅಂತ.’ ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನು. ಮದುವೆ ಕಾಗದ, ಕ್ಯಾಲೆಂಡರ್, ಚುನಾವಣೆ ಪೋಸ್ಟರ್. ಹಳೇ ಚಿತ್ರಗಳ ಇತಿಹಾಸ ನನಗೆ ಗೊತ್ತಿರಲಿಲ್ಲ. ಆದರೆ ಕಾಗದದ ಮೇಲೆ ಬಣ್ಣ ಹೇಗೆ ಕೂರುತ್ತದೆ ಅನ್ನುವುದು ಗೊತ್ತಿತ್ತು. ಅಷ್ಟು ಸಾಕಾಯಿತು ಅಂತಲೂ ಹೇಳಲಾರೆ. ಎರಡು ಕಡೆ ತಪ್ಪಿ ಬಿದ್ದೆ, ಅದನ್ನೂ ಬರೆಯುತ್ತೇನೆ.

ಮೊದಲು ಪಟ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಸರೋವರದಲ್ಲಿ ಕಮಲದ ಮೇಲೆ ನಿಂತ ನಾಲ್ಕು ಕೈಯ ಲಕ್ಷ್ಮಿ, ಪಕ್ಕದಲ್ಲಿ ಸೊಂಡಿಲಲ್ಲಿ ಹಾರ ಹಿಡಿದ ಆನೆ. ನೀವೂ ನೋಡಿರುತ್ತೀರಿ. ಅಂಗಡಿಯಲ್ಲಿ, ಕ್ಯಾಲೆಂಡರ್‌ನಲ್ಲಿ, ಊದುಬತ್ತಿ ಪೊಟ್ಟಣದ ಮೇಲೆ ಇವತ್ತಿಗೂ ಬರುವುದು ಇದೇ ಲಕ್ಷ್ಮಿಯ ಮೊಮ್ಮಕ್ಕಳು. ಕಟ್ಟು ಬೀಟೆ ಮರದ್ದು, ಗಾಜಿನೊಳಗೆ ಕಾಣುವ ಚಿತ್ರ ಸುಮಾರು 19 ಇಂಚು ಎತ್ತರ, 13 ಇಂಚು ಅಗಲ. ದೀಪದ ಹೊಗೆಗೆ ಗಾಜು ಒಳಗಿನಿಂದಲೂ ಮಬ್ಬಾಗಿತ್ತು. ಸೀರೆಯ ಗುಲಾಬಿ ಬಣ್ಣ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಬಲಮೂಲೆಯಲ್ಲಿ ಇಂಗ್ಲಿಷಿನಲ್ಲಿ ರವಿವರ್ಮ ಅಂತ ಸಹಿ, ಪಕ್ಕದಲ್ಲಿ 1896.

ಈ ಸಹಿಯೇ ಚಿಕ್ಕಪ್ಪನ ದೊಡ್ಡ ಸಾಕ್ಷಿ. ‘ಸ್ವತಃ ಸಹಿ ಹಾಕಿದಾನೆ, ಇಸವಿನೂ ಬರೆದಿದಾನೆ, ಇನ್ನೇನು ಬೇಕು?’

ಸಹಿಯನ್ನು ದೊಡ್ಡದು ಮಾಡಿ ನೋಡಿದಾಗ

ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ನನ್ನ ಹತ್ತಿರ ಮೊದಲಿನಿಂದಲೂ ಇದೆ. ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು. ಪ್ರೆಸ್ಸಿನಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂತಿದೆಯಾ ಅಂತ ನೋಡಲು ಅದೇ ಬೇಕು. ಗಾಜಿನ ಮೇಲಿಂದಲೇ ಇಟ್ಟು ನೋಡಿದೆ. ಸಹಿ ಪೆನ್ನಿನದ್ದೂ ಅಲ್ಲ, ಕುಂಚದ್ದೂ ಅಲ್ಲ. ಚಿತ್ರದ ಜೊತೆಗೇ ಅದೂ ಅಚ್ಚಾಗಿದೆ. ಅಂದರೆ ಮೂಲ ತೈಲಚಿತ್ರದಲ್ಲಿದ್ದ ಸಹಿಯನ್ನೂ ಇಸವಿಯನ್ನೂ ಅಚ್ಚು ಹಾಕುವ ಕಲ್ಲಿನ ಮೇಲೆ ಹಾಗೇ ಬಿಡಿಸಿಕೊಂಡಿದ್ದಾರೆ. 1896 ಚಿತ್ರ ಬರೆದ ವರ್ಷ. ನಮ್ಮ ಗೋಡೆ ಮೇಲಿರುವ ಕಾಗದ ಯಾವಾಗ ಅಚ್ಚಾಯಿತು ಅಂತ ಅದು ಹೇಳುವುದೇ ಇಲ್ಲ. ಅಲ್ಲಿಗೆ 38 ಕೋಟಿ ಹೋಯಿತು. ಚಿಕ್ಕಪ್ಪನಿಗೆ ಹೇಳಲು ಮಾತ್ರ ಎರಡು ದಿನ ತಗೊಂಡೆ.

ಈಗ ಎರಡನೇ ಪ್ರಶ್ನೆ. ಅಚ್ಚು ಅಂತಾಯಿತು, ಹಳೆಯದೋ ಹೊಸದೋ? ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರಗಳ ಹಕ್ಕು ಮುಗಿದು ಎಷ್ಟೋ ಕಾಲ ಆಯಿತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಲೂ ಇದ್ದಾರೆ. ಹೊಸ ಅಚ್ಚನ್ನು ಚಹಾ ನೀರಲ್ಲಿ ಅದ್ದಿ, ಹಳೇ ಕಟ್ಟಿನೊಳಗೆ ಕೂರಿಸಿ ಮಾರುವವರೂ ಇದ್ದಾರೆ.

ಇದನ್ನು ಕಂಡುಹಿಡಿಯಲು ಚುಕ್ಕಿ ನೋಡಬೇಕು. ಇವತ್ತಿನ ಆಫ್‌ಸೆಟ್ ಅಚ್ಚನ್ನು ಲೂಪ್‌ನಲ್ಲಿ ನೋಡಿದರೆ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಲೆಕ್ಕ ಹಾಕಿ ಇಟ್ಟಂತೆ, ಪುಟ್ಟ ಪುಟ್ಟ ಹೂವಿನ ಆಕಾರದಲ್ಲಿ ಕಾಣುತ್ತವೆ. ಮನೆಯಲ್ಲಿರುವ ಯಾವ ಕ್ಯಾಲೆಂಡರ್ ಬೇಕಾದರೂ ನೋಡಿ. ಹಳೇ ಕಲ್ಲಚ್ಚು ಹಾಗಲ್ಲ. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫೆನ್ ಅನ್ನುವ ಊರಿನ ನುಣುಪು ಸುಣ್ಣಕಲ್ಲು ಇದಕ್ಕೆ ಹೆಸರುವಾಸಿ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬಿಡಿಸಿ, ಆಮೇಲೆ ಕಲ್ಲು ಒದ್ದೆ ಮಾಡಿ, ಬಣ್ಣದ ರೋಲರ್ ಓಡಿಸುತ್ತಾರೆ. ಜಿಡ್ಡಿರುವ ಕಡೆ ಬಣ್ಣ ಹಿಡಿಯುತ್ತದೆ, ನೀರಿರುವ ಕಡೆ ಹಿಡಿಯುವುದಿಲ್ಲ. ಎಣ್ಣೆ ನೀರಿನ ಜಗಳ, ಅಷ್ಟೇ. ನಾವು ಇವತ್ತು ಆಫ್‌ಸೆಟ್‌ನಲ್ಲಿ ಮಾಡುವುದೂ ಅದೇ ಜಗಳವನ್ನೇ, ಕಲ್ಲಿನ ಬದಲು ಅಲ್ಯೂಮಿನಿಯಂ ಪ್ಲೇಟು. ಹಾಗಾಗಿ ಲೂಪ್ ಇಟ್ಟು ಆ ಲಕ್ಷ್ಮಿಯ ಕೆನ್ನೆ ನೋಡಿದಾಗ ನನಗೆ ನಮ್ಮ ಕುಲದ ಹಿರಿಯರನ್ನು ಕಂಡ ಹಾಗಾಯಿತು, ಸುಳ್ಳಲ್ಲ.

ಕೆನ್ನೆಯಲ್ಲಿ ಗುಲಾಬಿ, ಕಂದು, ತೆಳು ನೀಲಿ ಚುಕ್ಕಿಗಳು. ಒಂದು ದೊಡ್ಡದು, ಒಂದು ಚಿಕ್ಕದು, ಒಂದಕ್ಕೊಂದು ತಾಗಿಕೊಂಡು, ಯಾವ ಸಾಲಿಗೂ ಸಿಗದೆ ಚೆಲ್ಲಿವೆ. ಯಾರೋ ಒಬ್ಬ ಕೆಲಸಗಾರ ವಾರಗಟ್ಟಲೆ ಕೂತು ಕಲ್ಲಿನ ಮೇಲೆ ಕೈಯಲ್ಲಿ ಇಟ್ಟ ಚುಕ್ಕಿಗಳು. ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಯಾಕೆಂದರೆ ಅಚ್ಚಾದಾಗ ಎಡ ಬಲ ಆಗುತ್ತದೆ. ಓಲೆಯ ಹತ್ತಿರ ಚಿನ್ನದ ಬಣ್ಣ ಕೂದಲೆಳೆಯಷ್ಟು ಗೆರೆಯಿಂದ ಆಚೆ ಸರಿದಿತ್ತು. ನಮ್ಮ ಭಾಷೆಯಲ್ಲಿ ರಿಜಿಸ್ಟ್ರೇಷನ್ ಔಟ್. ನಮ್ಮ ಮಾಲೀಕರಾಗಿದ್ದರೆ ಆ ಶೀಟು ರದ್ದಿಗೆ ಹೋಗುತ್ತಿತ್ತು.

ಕಲ್ಲಚ್ಚು ಅಂತ ಖಾತ್ರಿ ಆಯಿತು. ಯಾವ ಪ್ರೆಸ್ಸಿನದ್ದು, ಯಾವ ಕಾಲದ್ದು ಅನ್ನುವುದಕ್ಕೆ ಕಟ್ಟು ಬಿಚ್ಚಲೇಬೇಕು.

ಹಿಂದಿನ ಹಲಗೆ

ಇಲ್ಲಿ ನನ್ನ ಮೊದಲ ತಪ್ಪು. ಮೊಬೈಲಲ್ಲಿ ಫೋಟೋ ತೆಗೆಯದೆ ಬಿಚ್ಚಲು ಕೂತೆ. ಹಿಂದಿನ ಹಲಗೆಯ ಮೇಲೆ ಅಂಗಡಿಯ ಚೀಟಿ ಇತ್ತು, ಗೆದ್ದಲು ಅರ್ಧ ತಿಂದಿತ್ತು. ಮೊಳೆ ಎಬ್ಬಿಸುವಾಗ ಉಳಿದ ಅರ್ಧವೂ ಪುಡಿಯಾಗಿ ಉದುರಿತು. ಅದರಲ್ಲಿ ಶಿವಮೊಗ್ಗ ಅಂತ ಇದ್ದದ್ದು ಮಾತ್ರ ನೆನಪಿದೆ. ಅಂಗಡಿಯ ಹೆಸರು ಇತ್ತೋ ಇಲ್ಲವೋ, ಇನ್ನು ಗೊತ್ತಾಗುವ ದಾರಿಯೇ ಇಲ್ಲ. ಕಟ್ಟಿನ ಪಟ ನಿಮ್ಮ ಮನೆಯಲ್ಲೂ ಇದ್ದರೆ, ಬೆನ್ನಿನ ಫೋಟೋ ಮೊದಲು ತೆಗೆಯಿರಿ. ಜನ ಮುಖದ ಫೋಟೋ ಹತ್ತು ಕಳಿಸುತ್ತಾರೆ, ಬೆನ್ನಿನದ್ದು ಒಂದೂ ಇರುವುದಿಲ್ಲ. ಮಾಹಿತಿಯೆಲ್ಲ ಇರುವುದು ಅಲ್ಲೇ.

ಹಲಗೆ ಮತ್ತು ಚಿತ್ರದ ನಡುವೆ ಧೂಳು ಬರದಂತೆ ಒಂದು ಪತ್ರಿಕೆಯ ಹಾಳೆ ಮಡಚಿ ಇಟ್ಟಿದ್ದರು. ‘ತಾಯಿನಾಡು’, ಜುಲೈ 1938. ಹಾಳೆ ಅಪ್ಪಳದ ಹಾಗೆ ಆಗಿತ್ತು, ಮುಟ್ಟಿದರೆ ಮುರಿಯುವಂತೆ.

ನಾನು ಖುಷಿಯಿಂದ ಚಿಕ್ಕಪ್ಪನಿಗೆ ಫೋನ್ ಮಾಡಿ, ಪಟ 1938ರದ್ದು ಅಂದೆ. ಇದು ಎರಡನೇ ತಪ್ಪು. ಪತ್ರಿಕೆ ಹೇಳುವುದು ಕಟ್ಟು ಹಾಕಿದ ದಿನದ ಬಗ್ಗೆ, ಚಿತ್ರದ ಬಗ್ಗೆ ಅಲ್ಲ. ಕಟ್ಟು ಹಾಕುವವನು ಆ ವಾರ ಅಂಗಡಿಯಲ್ಲಿ ಬಿದ್ದಿದ್ದ ಹಾಳೆ ತುರುಕಿರುತ್ತಾನೆ. ಚಿತ್ರ ಅದಕ್ಕಿಂತ ಮೊದಲಿನದ್ದು ಅನ್ನುವಷ್ಟು ಮಾತ್ರ ಹೇಳಬಹುದು. ಎಷ್ಟು ಮೊದಲು? ಒಂದು ತಿಂಗಳೂ ಆಗಬಹುದು, ನಲವತ್ತು ವರ್ಷವೂ ಆಗಬಹುದು.

ಇದಕ್ಕೆ ಉತ್ತರ ಸಿಕ್ಕಿದ್ದು ಅಟ್ಟದ ಮೇಲೆ. ದೊಡ್ಡತ್ತೆ ‘ಆ ಪಟಕ್ಕೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಅಜ್ಜ ಕಟ್ಟು ಹಾಕ್ಸಿದ್ರಂತೆ, ಅಮ್ಮ ಹೇಳ್ತಿದ್ಲು’ ಅಂದದ್ದು ಕಿವಿಯಲ್ಲಿತ್ತು. ನಮ್ಮ ಮುತ್ತಜ್ಜ ಲೆಕ್ಕ ಬರೆಯುವುದರಲ್ಲಿ ಬಹಳ ಶಿಸ್ತು. ಅಡಿಕೆ ಮಂಡಿಯ ಲೆಕ್ಕ, ಆಳಿನ ಕೂಲಿ, ಒಂದು ಕಟ್ಟು ಎಲೆ ತಂದರೆ ಅದೂ. ಹಿಸ್ಸೆಯ ಗಲಾಟೆಯಲ್ಲಿ ಆ ಪುಸ್ತಕಗಳನ್ನು ಒಂದು ಗೋಣಿಚೀಲಕ್ಕೆ ತುಂಬಿ ಒಲೆಗೆ ಹಾಕಲು ಇಟ್ಟಿದ್ದರು. ಎರಡು ಸಂಜೆ ಕೂತು ಹುಡುಕಿದೆ, ಸೀನು ಬಂದು ಬಂದು ಸಾಕಾಯಿತು. ಕೊನೆಗೆ ಸಿಕ್ಕಿತು: ‘ಬಹುಧಾನ್ಯ ಸಂ. ಶ್ರಾವಣ ಶು. 3. ಹಳೇ ಲಕ್ಷ್ಮೀ ಪಟಕ್ಕೆ ಕಟ್ಟು, ಗಾಜು ಸಹ. 2 ರೂ. 6 ಆಣೆ.’

ಸಂವತ್ಸರದ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಅರವತ್ತು ಹೆಸರು, ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಹಾಗಾಗಿ ಬಹುಧಾನ್ಯ ಅಂದರೆ 1878 ಆಗಬಹುದು, 1938 ಆಗಬಹುದು, 1998 ಆಗಬಹುದು. 1998ರಲ್ಲಿ ಆಣೆ ಇರಲಿಲ್ಲ. 1878ರಲ್ಲಿ ಈ ಚಿತ್ರವೇ ಹುಟ್ಟಿರಲಿಲ್ಲ. 1938 ಉಳಿಯಿತು, ಪತ್ರಿಕೆಯ ಜೊತೆ ತಾಳೆಯೂ ಆಯಿತು. ಶ್ರಾವಣ ಶುದ್ಧ ತದಿಗೆ ಅಂದರೆ ಹಬ್ಬಕ್ಕೆ ಸುಮಾರು ಒಂದು ವಾರ ಮೊದಲು. ದೊಡ್ಡತ್ತೆಯ ಮಾತೂ ಸರಿ.

ಆದರೆ ನನಗೆ ಆ ಸಾಲಿನಲ್ಲಿ ಬೇಕಾಗಿದ್ದದ್ದು ಬೇರೆ ಪದ. ‘ಹಳೇ’. 1938ರಲ್ಲೇ ಮುತ್ತಜ್ಜ ಅದನ್ನು ಹಳೇ ಪಟ ಅಂತ ಬರೆದಿದ್ದಾರೆ. ಪೇಟೆಯಿಂದ ಹೊಸ ಚಿತ್ರ ತಂದು ಕಟ್ಟು ಹಾಕಿಸಿದ್ದಲ್ಲ, ಮನೆಯಲ್ಲಿ ಮೊದಲೇ ಇದ್ದದ್ದಕ್ಕೆ ಹೊಸ ಕಟ್ಟು. ಎರಡಕ್ಷರದ ಈ ಮಾತನ್ನು ಒಲೆಗೆ ಹಾಕುತ್ತಿದ್ದೆವು ಅಲ್ವಾ ಅಂತ ಈಗಲೂ ಅನಿಸುತ್ತದೆ.

ಅರ್ಧ ಅಕ್ಷರಗಳು

ಇನ್ನು ಪ್ರೆಸ್ಸಿನ ಹೆಸರು. ಸಾಮಾನ್ಯವಾಗಿ ಇಂಥ ಅಚ್ಚುಗಳ ಕೆಳಗೆ ಬಿಳಿ ಅಂಚಿನಲ್ಲಿ ಚಿತ್ರದ ಹೆಸರು, ಪ್ರೆಸ್ಸು, ಊರು ಇರುತ್ತದೆ. ಪತ್ತೆ ಮಾಡುವವರಿಗೆ ಅದೇ ಆಧಾರ ಕಾರ್ಡು. ನಮ್ಮ ಪಟದಲ್ಲಿ ಆ ಅಂಚನ್ನೇ ಕತ್ತರಿಸಿಬಿಟ್ಟಿದ್ದರು. ಕಟ್ಟು ಚಿಕ್ಕದು, ಕಾಗದ ದೊಡ್ಡದು, ಅಂಗಡಿಯವನು ಕತ್ತರಿ ಆಡಿಸಿದ್ದಾನೆ. ಆ ಕಾಲದಲ್ಲಿ ಇದು ಎಲ್ಲ ಕಡೆ ನಡೆದದ್ದೇ. ದೇವರ ಮುಖ ಮುಖ್ಯ, ಕೆಳಗಿನ ಇಂಗ್ಲಿಷ್ ಯಾರಿಗೆ ಬೇಕಿತ್ತು?

ಪುಣ್ಯಕ್ಕೆ ಕತ್ತರಿ ಸ್ವಲ್ಪ ಓರೆಯಾಗಿ ಹೋಗಿತ್ತು. ಎಡಭಾಗದಲ್ಲಿ ಅಕ್ಷರಗಳು ಪೂರ್ತಿ ಹೋಗಿದ್ದವು, ಬಲಕ್ಕೆ ಬರುತ್ತ ಅಕ್ಷರಗಳ ತಲೆ ಮಾತ್ರ ಉಳಿದಿತ್ತು. ಇಂಗ್ಲಿಷ್ ಅಕ್ಷರವನ್ನು ತಲೆಯಿಂದ ಓದಬಹುದು. ಕನ್ನಡವಾಗಿದ್ದರೆ ಬರೀ ತಲೆಕಟ್ಟುಗಳ ಸಾಲು ಉಳಿದು ನಾನು ತಲೆ ಚಚ್ಚಿಕೊಳ್ಳಬೇಕಿತ್ತು. ಆ ಸಾಲಿನ ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿದೆ. ಪೂರ್ತಿ ಅಂಚಿರುವ ಬೇರೆ ಪ್ರತಿಗಳ ಚಿತ್ರ ಹುಡುಕಿ, ಅವುಗಳ ಸಾಲನ್ನೂ ಅದೇ ಅಳತೆಗೆ ತಂದು, ಅರ್ಧ ಮುಚ್ಚಿ, ಒಂದರ ಕೆಳಗೊಂದು ಇಟ್ಟು ನೋಡುತ್ತ ಹೋದೆ. ಮೂರನೆಯದು ಕೂತಿತು: ಕಾರ್ಲಾ-ಲೋನಾವ್ಲಾ.

ಈ ಊರಿನ ಹೆಸರು ಯಾಕೆ ಅಷ್ಟು ಮುಖ್ಯ ಅಂದರೆ, ಪ್ರೆಸ್ಸಿನ ಕಥೆಯೇ ಅದರಲ್ಲಿದೆ. ರವಿವರ್ಮ ಮತ್ತು ಅವರ ತಮ್ಮ ರಾಜರಾಜವರ್ಮ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರುಮಾಡಿದ್ದು 1894ರಲ್ಲಿ. ತೈಲಚಿತ್ರ ಅರಮನೆಗೆ ಮಾತ್ರ ಹೋಗುತ್ತದೆ, ಅಚ್ಚು ಹಾಕಿಸಿದರೆ ಎಲ್ಲರ ಮನೆಗೂ ಹೋಗುತ್ತದೆ ಅನ್ನುವ ಸಲಹೆಯನ್ನು ತಿರುವಾಂಕೂರು, ಬರೋಡಾಗಳಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್ ಅದಕ್ಕೂ ಹತ್ತು ವರ್ಷ ಮೊದಲೇ ಕೊಟ್ಟಿದ್ದರು. ಯಂತ್ರ ಜರ್ಮನಿಯದ್ದು, ತಂತ್ರಜ್ಞರೂ ಜರ್ಮನಿಯವರು. ಮೊದಲು ಹೊರಬಂದ ಚಿತ್ರ ಶಕುಂತಲೆಯ ಜನನ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ಕೆಲಸಕ್ಕೆ ಆಳು ಸಿಗುವುದೇ ಕಷ್ಟವಾಯಿತು. ಕೊನೆಗೆ 1899ರ ಹೊತ್ತಿಗೆ ಪ್ರೆಸ್ಸನ್ನು ಲೋನಾವಳದ ಹತ್ತಿರದ ಮಳವಲಿಗೆ ಸಾಗಿಸಿದರು, ಕಾರ್ಲಾ ಗುಹೆಗಳ ಪಕ್ಕ. ಸಾಲ ಏರಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಅಣ್ಣತಮ್ಮಂದಿರು ಪ್ರೆಸ್ಸನ್ನು ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್‌ಗೆ ಮಾರಿದರು. ಆಮೇಲೂ ಅದೇ ಹೆಸರಲ್ಲಿ ದಶಕಗಳ ಕಾಲ ದೇವರ ಪಟಗಳು ಅಚ್ಚಾದವು. 1972ರಲ್ಲಿ ಬೆಂಕಿ ಬಿದ್ದು ಪ್ರೆಸ್ಸು ಸುಟ್ಟುಹೋಯಿತು.

ಹಾಗಾದರೆ ನಮ್ಮ ಲಕ್ಷ್ಮಿ? ಕಾರ್ಲಾ-ಲೋನಾವ್ಲಾ ಅಂತ ಇರುವುದರಿಂದ 1899ಕ್ಕಿಂತ ಮೊದಲಿನದ್ದಲ್ಲ. ಮುಂಬೈ ವಿಳಾಸದ ಮೊದಲ ಅಚ್ಚುಗಳ ಸಾಲಿಗೆ ಸೇರುವುದಿಲ್ಲ. 1938ಕ್ಕೆ ಅದು ಆಗಲೇ ಹಳೆಯದು. ಚಿತ್ರದ ಕಾಗದ ಕಟ್ಟಿನ ಕೆಳಗೆ ಮುಚ್ಚಿಕೊಂಡಿದ್ದ ಕಡೆಯಲ್ಲಿ ಎರಡು ಪಟ್ಟಿ ಕಾಣುತ್ತಿತ್ತು. ಹೊರಗಿನ ತೆಳು ಪಟ್ಟಿಯಲ್ಲಿ ಬಣ್ಣ ಹೊಸದರ ಹಾಗಿದೆ, ಗುಲಾಬಿ ಅಂದರೆ ಗುಲಾಬಿ. ಅದರ ಒಳಗೆ ಇನ್ನೊಂದು ಪಟ್ಟಿ, ಸ್ವಲ್ಪ ಮಾಸಿದ್ದು. ಅದರಾಚೆ ಪೂರ್ತಿ ಮಾಸಿದ ಚಿತ್ರ. ಅಂದರೆ 1938ರ ಕಟ್ಟಿಗೆ ಮೊದಲು ಇನ್ನೊಂದು ಕಟ್ಟಿನಲ್ಲೂ ಇದು ವರ್ಷಗಟ್ಟಲೆ ಬೆಳಕು ಕಂಡಿದೆ. ನನ್ನ ಅಂದಾಜು 1900ರಿಂದ 1925ರ ಒಳಗೆ. ಇದಕ್ಕಿಂತ ಹತ್ತಿರ ಹೋಗಲು ನನ್ನ ಹತ್ತಿರ ಆಧಾರ ಇಲ್ಲ. ಹೋಗುವವರು ಯಾರಾದರೂ ‘ಇದು 1903ರದ್ದೇ’ ಅಂದರೆ ನಾನು ನಂಬುವುದಿಲ್ಲ.

ಕೈಯಲ್ಲಿ ಆಧಾರ ಇಟ್ಟುಕೊಂಡು ಮಣಿಪಾಲಕ್ಕೂ ಹೋಗಿ ಬಂದೆ. ಅಲ್ಲಿಯ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ರವಿವರ್ಮ ಅಚ್ಚುಗಳ ಗ್ಯಾಲರಿ ಇದೆ. ಒಳ್ಳೆಯ ಪ್ರತಿಗಳನ್ನು ಕಣ್ಣಾರೆ ನೋಡಿದರೆ ಮಾತ್ರ ನಮ್ಮ ಪ್ರತಿ ಎಷ್ಟು ಸೋತಿದೆ ಅಂತ ತಿಳಿಯುವುದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ತೈಲಚಿತ್ರಗಳೇ ಇವೆ. ಅವರು ಮೈಸೂರಿಗೆ ಬಂದು ಅರಮನೆಗೆ ಬರೆದುಕೊಟ್ಟವೂ ಅದರಲ್ಲಿವೆ. ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕುಂಚದ ಗುರುತು, ಬಟ್ಟೆಯ ನೇಯ್ಗೆ ನೋಡಿದ ಮೇಲೆ ಅವರೇ ಹೊರಗೆ ಬಂದು ‘ನಮ್ಮದು ಬೇರೆ ಬಿಡು’ ಅಂದರು. ನಾನು ಎರಡು ತಿಂಗಳು ಹೇಳಿದ್ದಕ್ಕಿಂತ ಆ ಅರ್ಧ ಗಂಟೆ ಜಾಸ್ತಿ ಕೆಲಸ ಮಾಡಿತು.

ಬೆಲೆಯ ಮಾತು

ಅಂತರ್ಜಾಲದಲ್ಲಿ ಇದೇ ಲಕ್ಷ್ಮಿಗೆ ಎರಡು ಲಕ್ಷ ಅಂತ ಹಾಕಿಕೊಂಡವರು ಸಿಕ್ಕರು, ಎಂಟುನೂರು ಅಂತ ಹಾಕಿದವರೂ ಸಿಕ್ಕರು. ಎರಡಕ್ಕೂ ಅರ್ಥ ಇಲ್ಲ. ಮಾರುವವನು ಕೇಳುವ ಬೆಲೆ ಅವನ ಆಸೆ. ಕೊಳ್ಳುವವನು ಕೊಟ್ಟು ಹೋದ ದುಡ್ಡು ಬೆಲೆ. ಹಾಗಾಗಿ ಹರಾಜು ಮನೆಗಳು ಪ್ರಕಟಿಸುವ ಮುಗಿದ ಹರಾಜಿನ ಪಟ್ಟಿ ಮಾತ್ರ ನೋಡಿದೆ. ಅಲ್ಲೂ ಒಂದು ವಿಷಯ ಬೇಗ ಗೊತ್ತಾಯಿತು. ಲಕ್ಷ್ಮಿ, ಸರಸ್ವತಿ ಎಲ್ಲರಿಗೂ ಬೇಕಾದ ಚಿತ್ರಗಳು, ಅದಕ್ಕೇ ಬಹಳ ಅಚ್ಚಾದವು, ಅದಕ್ಕೇ ಬಹಳ ಉಳಿದಿವೆ. ಕೊಳ್ಳುವವರು ಜಾಸ್ತಿ ಕೊಡುವುದು ಅಪರೂಪದ ಪುರಾಣ ದೃಶ್ಯಗಳಿಗೆ, ಅಂಚು ಪೂರ್ತಿ ಇರುವುದಕ್ಕೆ, ಮತ್ತೆ ಸೀರೆ ಜಾಗದಲ್ಲಿ ನಿಜವಾದ ಬಟ್ಟೆ, ಜರಿ, ಚಮಕಿ ಅಂಟಿಸಿ ಸಿಂಗರಿಸಿದವಕ್ಕೆ. ಹೆಣ್ಣುಮಕ್ಕಳು ಮಧ್ಯಾಹ್ನದ ಹೊತ್ತು ಕೂತು ಹಾಗೆ ಅಂಟಿಸುತ್ತಿದ್ದರು.

ಇದನ್ನು ಹೇಳಿದಾಗ ದೊಡ್ಡತ್ತೆ ಹಣೆ ಹಣೆ ಚಚ್ಚಿಕೊಂಡಳು. ಇದರ ಜೋಡಿ ಒಂದು ಸರಸ್ವತಿ ಇತ್ತಂತೆ. ಅಜ್ಜಿ ತನ್ನ ಹರಿದ ಸೀರೆಯ ಜರಿ ಬಿಡಿಸಿ ಅದಕ್ಕೆ ಅಂಟಿಸಿದ್ದಳಂತೆ. ಎಂಬತ್ತರ ದಶಕದಲ್ಲಿ ಮನೆ ಬಾಗಿಲಿಗೆ ಬಂದ ಪಾತ್ರೆಯವನಿಗೆ ಅದನ್ನು ಕೊಟ್ಟು ಎರಡು ಸ್ಟೀಲ್ ಡಬ್ಬ ತಗೊಂಡರಂತೆ. ಡಬ್ಬಗಳು ಇನ್ನೂ ಇವೆ. ಒಂದರಲ್ಲಿ ಉದ್ದು.

ಪಟವನ್ನು ಮೂರು ಕಡೆ ತೋರಿಸಿದೆ. ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯವರು ತಿರುಗಿಸಿಯೂ ನೋಡದೆ 2,500 ಅಂದರು. ನಾನು ಎದ್ದಾಗ, ಪಟ ನೀವೇ ಇಟ್ಟುಕೊಳ್ಳಿ, ಕಟ್ಟಿಗೆ 4,000 ಕೊಡುತ್ತೇನೆ ಅಂದರು! ಹಳೇ ಬೀಟೆ ಕಟ್ಟಿಗೆ ಯಾಕೆ ಅಷ್ಟು ಆಸೆ ಅಂತ ಮೊದಲು ಅರ್ಥವಾಗಲಿಲ್ಲ. ಅಲ್ಲೇ ಗೋಡೆಗೆ ಒರಗಿಸಿದ್ದ ಒಂದು ಸರಸ್ವತಿಯ ಮೇಲೆ ಲೂಪ್ ಇಟ್ಟು ನೋಡಿದೆ. ಸಾಲು ಸಾಲು ಹೂವಿನ ಚುಕ್ಕಿ. ಹಳೇ ಕಟ್ಟು, ಹೊಸ ಆಫ್‌ಸೆಟ್. ಕಟ್ಟು ಹಳೆಯದಾದರೆ ಚಿತ್ರವೂ ಹಳೆಯದು ಅಂತ ನಂಬುವವರಿಗೆ ಅದು ಕಾಯುತ್ತ ನಿಂತಿತ್ತು.

ಎರಡನೆಯದು ಒಂದು ಹರಾಜು ಸಂಸ್ಥೆ. ಫೋಟೋ, ಅಳತೆ, ಅಂಚು ಕತ್ತರಿಸಿರುವುದು, ಎಲ್ಲ ಬರೆದು ಕಳಿಸಿದೆ. ಮರ್ಯಾದೆಯಿಂದಲೇ ಉತ್ತರ ಬಂತು: ಒಂದೇ ಪಟವಾದರೆ, ಅದೂ ಅಂಚಿಲ್ಲದ್ದಾದರೆ ತಗೊಳ್ಳುವುದಿಲ್ಲ, ಹತ್ತಾರು ಇದ್ದರೆ ಒಟ್ಟಿಗೆ ನೋಡಬಹುದು. ಮೂರನೆಯವರು ಇಂಥ ಅಚ್ಚುಗಳನ್ನೇ ಕೂಡಿಡುವ ಹಿರಿಯರು. ಅವರು ಚಿತ್ರಕ್ಕಿಂತ ಹೆಚ್ಚು ಹೊತ್ತು ಲೆಕ್ಕದ ಪುಸ್ತಕದ ಆ ಸಾಲು ನೋಡಿದರು. ಅಂಚು ಪೂರ್ತಿ ಇದ್ದಿದ್ದರೆ ಇದರ ಎರಡು ಪಟ್ಟು ಕೊಡುತ್ತಿದ್ದೆ ಅಂತ ಹೇಳಿ 12,000 ಅಂದರು. ಲೆಕ್ಕದ ಹಾಳೆ, ಪತ್ರಿಕೆ ಎರಡನ್ನೂ ಜೊತೆಗೆ ಕೊಟ್ಟರೆ ಇನ್ನೆರಡು ಸಾವಿರ. ಅಂದರೆ ಒಲೆಗೆ ಹೋಗಬೇಕಿದ್ದ ಕಾಗದಕ್ಕೆ ಎರಡು ಸಾವಿರ. ಒಟ್ಟು 14,000. ನನಗೆ ಇದು ನ್ಯಾಯದ ಬೆಲೆ ಅಂತಲೇ ಅನಿಸಿತು.

ನ್ಯೂಜೆರ್ಸಿಯ ತಮ್ಮನಿಗೆ ಬೇರೆಯೇ ಉತ್ತರ ಕೊಡಬೇಕಾಯಿತು. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ಅಥವಾ ಅದಕ್ಕೂ ಹಳೆಯ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಮ್ಮ ಪಟ ನೂರು ದಾಟಿರುವ ಸಾಧ್ಯತೆಯೇ ಹೆಚ್ಚು. ದಾಟಿಲ್ಲ ಅಂತ ವಾದ ಮಾಡುವುದಾದರೆ ಪುರಾತತ್ವ ಇಲಾಖೆಯಿಂದ ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ತರಬೇಕು. ಸೂಟ್‌ಕೇಸಿನಲ್ಲಿ ಸೀರೆ ಮಧ್ಯೆ ಇಟ್ಟು ತರುತ್ತೇನೆ ಅಂದ. ನಾನು ಕೈಮುಗಿದೆ. ಇದರಲ್ಲಿ ಒಂದು ತಮಾಷೆ ಇದೆ. ಬೆಲೆ ಹೆಚ್ಚಲಿ ಅಂತ ಪಟವನ್ನು ಹಳೆಯದು ಮಾಡಿದಷ್ಟೂ ಅದು ದೇಶ ಬಿಡುವುದು ಕಷ್ಟವಾಗುತ್ತ ಹೋಗುತ್ತದೆ.

ತೊಳೆಯಬೇಡಿ

ಈ ಭಾಗ ಚಿಕ್ಕದು, ಆದರೆ ದಯವಿಟ್ಟು ಓದಿ. ಬಿಚ್ಚಿದ ದಿನ ಚಿಕ್ಕಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಬಂದಿದ್ದರು. ಕುಂಕುಮ ಒಂದು ಕಡೆ ಗಾಜಿನ ಸಂದಿನಿಂದ ಇಳಿದು ಕಾಗದಕ್ಕೆ ಹತ್ತಿತ್ತು. ನೀರು ತಾಗಿದ್ದರೆ ಕೆಂಪು ಇಡೀ ಕಮಲಕ್ಕೆ ಹರಡುತ್ತಿತ್ತು. ಮೇಲಿನ ಎಡ ಮೂಲೆಯಲ್ಲಿ ಚಿತ್ರ ಗಾಜಿಗೆ ಅಂಟಿಕೊಂಡಿತ್ತು. ಅದನ್ನು ನಾನು ಎಳೆಯಲಿಲ್ಲ. ಎಳೆದರೆ ಬಣ್ಣ ಗಾಜಿನ ಜೊತೆ ಬರುತ್ತದೆ, ಪ್ರೆಸ್ಸಿನಲ್ಲಿ ಒಣಗದ ಶೀಟು ಒಂದಕ್ಕೊಂದು ಅಂಟಿದಾಗ ಆಗುವುದೂ ಅದೇ. ಗಾಜಿನ ಸಮೇತ ಬೆಂಗಳೂರಿಗೆ ಒಯ್ದೆ. ಅಲ್ಲಿ ಹಳೇ ಕಲೆ, ಕಟ್ಟಡ ಉಳಿಸುವ ಕೆಲಸ ಮಾಡುವ ಇನ್‌ಟ್ಯಾಕ್‌ನಂಥ ಸಂಸ್ಥೆಯವರ ಪ್ರಯೋಗಾಲಯ ಇದೆ, ಕಾಗದ ಸಂರಕ್ಷಣೆಯನ್ನೇ ಕಲಿತ ಖಾಸಗಿಯವರೂ ಇದ್ದಾರೆ. ನಾನು ಹೋದವರು ಆ ಮೂಲೆಯನ್ನು ಬಿಡಿಸಿಕೊಟ್ಟರು. ಮಾಸಿದ ಬಣ್ಣಕ್ಕೆ ಕೈ ಹಚ್ಚಲಿಲ್ಲ, ಹಚ್ಚಬಾರದು ಅಂತಲೇ ಹೇಳಿದರು. ಹಿಂದಿನ ಮರದ ಹಲಗೆಯ ಆಮ್ಲವೇ ಕಾಗದವನ್ನು ಕಂದು ಮಾಡಿದ್ದು ಅಂತ ತೋರಿಸಿ, ಆಮ್ಲವಿಲ್ಲದ ರಟ್ಟು ಹಾಕಿಕೊಟ್ಟರು. ಗಾಜಿಗೂ ಚಿತ್ರಕ್ಕೂ ನಡುವೆ ಈಗ ಸಣ್ಣ ಸಂದು ಇದೆ. ಇದಕ್ಕೆಲ್ಲ ಆದ ಖರ್ಚು 9,000 ರೂಪಾಯಿ. ಹದಿನಾಲ್ಕು ಸಾವಿರದ ಪಟಕ್ಕೆ ಒಂಬತ್ತು ಸಾವಿರವಾ ಅಂತ ಚಿಕ್ಕಪ್ಪ ಕೇಳಿದರು, ಕೇಳುವುದು ಸರಿಯೇ. ನಾನೇ ಕೊಟ್ಟೆ.

ಹಿಸ್ಸೆ ಪಟ್ಟಿಯಲ್ಲಿ ಲಕ್ಷ್ಮೀ ಪಟ ಒಂದು, 14,000 ಅಂತ ಬರೆದು ದೊಡ್ಡತ್ತೆಯ ಪಾಲಿಗೆ ಹಾಕಿದರು. ಲೆಕ್ಕ ಸರಿಮಾಡಲು ಅವಳ ಪಾಲಿನಿಂದ ಎರಡು ಹಿತ್ತಾಳೆ ಕೊಳದಪ್ಪಲೆ ಚಿಕ್ಕಪ್ಪನ ಕಡೆ ಹೋದವು. ಪಟ ಈಗ ಸಾಗರದಲ್ಲಿ ಅವಳ ಮಗನ ಮನೆಯಲ್ಲಿದೆ, ಬಿಸಿಲು ಬೀಳದ ಗೋಡೆಯ ಮೇಲೆ. ಬೆನ್ನಿಗೆ ಒಂದು ಲಕೋಟೆ ಅಂಟಿಸಿದ್ದೇನೆ. ಅದರಲ್ಲಿ ಲೆಕ್ಕದ ಹಾಳೆಯ ಜೆರಾಕ್ಸ್, ಪತ್ರಿಕೆಯ ಫೋಟೋ, ಅರ್ಧ ಅಕ್ಷರಗಳ ಫೋಟೋ ಇವೆ. ಹೋದ ವರಮಹಾಲಕ್ಷ್ಮಿಗೆ ಹೋಗಿದ್ದೆ. ಕುಂಕುಮ ಮುಟ್ಟಿಸಲೇಬಾರದು ಅಂತ ಹೇಳಿಬಂದಿದ್ದ ನನ್ನನ್ನು ಕಂಡು ದೊಡ್ಡತ್ತೆ, ‘ಕಟ್ಟಿಗೆ ಹಚ್ಚಿದೀನಿ, ಚಿತ್ರಕ್ಕಲ್ಲ, ನಿನ್ನ ಲೂಪ್ ತಂದು ನೋಡ್ಕೋ’ ಅಂದಳು.